ಬೋಟ್ ಎಕ್ಸಾಸ್ಟ್ ಸುಡ್ತಿದ್ಯಾ? ಮೀಟರ್ ಬಿಡಿ, ನೀರು ನೋಡಿ

ಡೀಸೆಲ್ ಬೋಟಿನ ಹಿಂದ್ಗಡೆ ಎಕ್ಸಾಸ್ಟ್ ಪೈಪಿಂದ ಹೊಗೆ ಜೊತೆ ನೀರು ಪುಚುಕ್ ಪುಚುಕ್ ಅಂತ ಬರ್ತಾ ಇರ್ಬೇಕು. ಅದು ಕಮ್ಮಿಯಾಗಿ ಹಬೆ ಜಾಸ್ತಿ ಆಯ್ತು, ಸೌಂಡ್ ಒಣಗ್ದಂಗೆ ಕೇಳಿಸ್ತು, ರಬ್ಬರ್ ವಾಸನೆ ಬಂತು ಅಂದ್ರೆ ತಕ್ಷಣ ಥ್ರಾಟಲ್ ಇಳ್ಸಿ, ಸೇಫ್ ಜಾಗ ನೋಡ್ಕೊಂಡು ಇಂಜಿನ್ ಆಫ್ ಮಾಡಿ. ಟೆಂಪರೇಚರ್ ಮೀಟರ್ ನಾರ್ಮಲ್ ತೋರಿಸ್ತಿದೆ ಅಂತ ಸುಮ್ನಿರ್ಬೇಡಿ, ಯಾಕಂದ್ರೆ ಆ ಮುಳ್ಳು ತೋರ್ಸೋದು ಇಂಜಿನ್ ಒಳಗಿನ ಕೂಲಂಟ್ ಬಿಸಿನ, ಎಕ್ಸಾಸ್ಟ್ ತಣ್ಣಗಿಡೋದು ಹೊರಗಿಂದ ಪಂಪ್ ಎಳ್ಕೊಳ್ಳೋ ಸಮುದ್ರದ ನೀರು. ಲೋಡಲ್ಲಿ ಹೊಗೆ ಬಿಸಿ 400 ಡಿಗ್ರಿ ಸೆಲ್ಸಿಯಸ್ ದಾಟ್ಬೋದು, ನೀರು ನಿಂತ್ರೆ ಮುಳ್ಳು ಅಲ್ಲಾಡೋ ಮುಂಚೆನೇ ರಬ್ಬರ್ ಹೋಸ್ ಬೆಂದು ಹೋಗ್ಬೋದು.

ಅದಕ್ಕೆ ನೀರು ಬರೋ ದಾರಿಯಲ್ಲೇ ಹುಡುಕ್ತಾ ಹೋಗಿ. ಇಂಜಿನ್ ಆರಿದ್ಮೇಲೆ ಸೀಕಾಕ್ (ಬೋಟಿನ ತಳದಿಂದ ನೀರು ಒಳಗೆ ಬರೋ ವಾಲ್ವ್) ಮುಚ್ಚಿ, ಸ್ಟ್ರೈನರ್ (ಕಸ ಹಿಡಿಯೋ ಜರಡಿ ಡಬ್ಬ) ಬಿಚ್ಚಿ, ಪಾಚಿ ಪ್ಲಾಸ್ಟಿಕ್ ಏನಾದ್ರೂ ಇದ್ರೆ ತೆಗೀರಿ, ಮುಚ್ಚಳದ ರಬ್ಬರ್ ರಿಂಗ್ ಹರಿದಿದ್ಯಾ ನೋಡಿ, ಅಲ್ಲಿಂದ ಗಾಳಿ ಎಳ್ಕೊಂಡ್ರೂ ನೀರು ಕಮ್ಮಿ ಬರುತ್ತೆ.

ಆಮೇಲೆ ಪಂಪ್. ಕವರ್ ತೆಗೆದು ಇಂಪೆಲರ್ (ಒಳಗೆ ತಿರುಗಿ ನೀರು ತಳ್ಳೋ ರಬ್ಬರ್ ಚಕ್ರ) ರೆಕ್ಕೆ ಎಣ್ಸಿ. ಎರಡು ಮುರಿದಿದ್ರೆ ಆ ಎರಡೂ ತುಂಡು ಸಿಗೋ ತನಕ ಹುಡುಕ್ಲೇಬೇಕು, ಹೊಸ ಇಂಪೆಲರ್ ಹಾಕಿ ಕೈ ತೊಳ್ಕೊಳ್ಳೋರೇ ಜಾಸ್ತಿ, ಆದ್ರೆ ಹಳೇ ತುಂಡು ಹೀಟ್ ಎಕ್ಸ್‌ಚೇಂಜರ್ (ಸಮುದ್ರದ ನೀರಿಂದ ಕೂಲಂಟ್ ತಣ್ಣಗೆ ಮಾಡೋ ಭಾಗ) ಬಾಯಲ್ಲಿ ಕೂತು ಮತ್ತೆ ಅದೇ ಕಥೆ. ಇನ್ನೊಂದು ಕಳ್ಳ ಫಾಲ್ಟ್ ಇದೆ: ರೆಕ್ಕೆ ಎಲ್ಲಾ ಚೆನ್ನಾಗಿರುತ್ತೆ, ಮಧ್ಯದ ಲೋಹದ ಬುಶ್‌ನಿಂದ ರಬ್ಬರ್ ಬಿಟ್ಕೊಂಡಿರುತ್ತೆ, ಶಾಫ್ಟ್ ತಿರುಗುತ್ತೆ ಇಂಪೆಲರ್ ಜಾರುತ್ತೆ. ಕೈಯಲ್ಲಿ ಹಿಡ್ದು ತಿರುಚಿ ನೋಡಿದ್ರೆ ಗೊತ್ತಾಗುತ್ತೆ. ಬೆಲ್ಟ್ ಪಂಪ್ ಆಗಿದ್ರೆ ಬೆಲ್ಟ್ ಸಡಿಲ ಇದ್ಯಾ ಅದನ್ನೂ ನೋಡಿ. ಹೊಸ ಇಂಪೆಲರ್ ಹಾಕೋವಾಗ ಅದಕ್ಕೆ ಗ್ಲಿಸರಿನ್ ಇಲ್ಲಾ ಸೋಪು ನೀರು ಸವರಿ, ಗ್ರೀಸ್ ಬೇಡ.

ಇಷ್ಟಾದ್ರೂ ನೀರು ಸಾಲ್ತಿಲ್ಲ ಅಂದ್ರೆ ನನ್ನ ಅನುಮಾನ ಯಾವಾಗ್ಲೂ ಮಿಕ್ಸಿಂಗ್ ಎಲ್ಬೋ ಮೇಲೇ. ಹೊಗೆಗೆ ನೀರು ಸೇರೋ ಆ ಬೆಂಡ್ ಒಳಗೆ ಮಸಿ, ಉಪ್ಪು, ತುಕ್ಕು ಸೇರಿ ಗಟ್ಟಿಯಾಗಿ ಕೂತು ದಾರಿ ಕಿರಿದಾಗ್ತಾ ಬರುತ್ತೆ. ಸೂಚನೆ ಏನಂದ್ರೆ ಕಪ್ಪು ಹೊಗೆ, ಇಂಜಿನ್‌ಗೆ ಪವರ್ ಇಲ್ಲ, ಫುಲ್ ಆರ್‌ಪಿಎಂ ಏರಲ್ಲ. ಇನ್ಫ್ರಾರೆಡ್ ಥರ್ಮಾಮೀಟರ್ ಇದ್ರೆ ಎಲ್ಬೋ ಆದ್ಮೇಲೆ ಬರೋ ಹೋಸಿನ ಸುತ್ತ ನಾಲ್ಕು ಕಡೆ ಹಿಡೀರಿ, ಒಂದು ಸೈಡ್ ಮಾತ್ರ ಸುಡ್ತಿದ್ರೆ ನೀರು ಎಲ್ಲಾ ಕಡೆ ಚಿಮ್ತಿಲ್ಲ ಅಂತ. ಹೊಳೆಯೋ ಲೋಹದ ಮೇಲೆ ಹಿಡಿದ್ರೆ ರೀಡಿಂಗ್ ಸುಳ್ಳು ಬರುತ್ತೆ, ಕಪ್ಪು ಪೇಂಟೋ ಟೇಪೋ ಹಚ್ಚಿ ಹಿಡೀರಿ. ಎಲ್ಬೋ ಬಿಚ್ಚಿದಾಗ ಕೆರೆದು ಕ್ಲೀನ್ ಮಾಡ್ಬೋದು, ಆದ್ರೆ ಒಳಗೋಡೆ ತುಕ್ಕು ತಿಂದು ತೆಳ್ಳಗಾಗಿದ್ರೆ ಬದ್ಲಾಯ್ಸಿ, ಅಲ್ಲಿ ತೂತಾದ್ರೆ ಉಪ್ಪುನೀರು ವಾಪಸ್ ಸಿಲಿಂಡರ್‌ಗೆ ಹೋಗಿ ಖರ್ಚು ಎಲ್ಲಿಗೋ ಹೋಗುತ್ತೆ. ಒಂದ್ಸಲ ಬಿಸಿ ತಿಂದಿರೋ ಹೋಸನ್ನೂ ಒಳಗೆ ಟಾರ್ಚ್ ಬಿಟ್ಟು ನೋಡಿ, ಒಳಪದರ ಎದ್ದು ದಾರಿಗೆ ಅಡ್ಡ ಬಿದ್ದಿರ್ಬೋದು, ಹೊರಗಿಂದ ಕಾಣ್ಸಲ್ಲ. ಸುಟ್ಟ ಹೋಸಿಂದ ಕ್ಯಾಬಿನ್‌ಗೆ ಕಾರ್ಬನ್ ಮಾನಾಕ್ಸೈಡ್ ಸೋರುತ್ತೆ, ಹಾಗಾಗಿ ಟೇಪ್ ಸುತ್ತಿ ಓಡಿಸ್ಬೇಡಿ.

ನೀರು ಧಾರಾಳವಾಗಿ ಬರ್ತಿದೆ, ಆದ್ರೂ ಫುಲ್ ಸ್ಪೀಡಲ್ಲಿ ಮಾತ್ರ ಬಿಸಿ ಅಂದ್ರೆ ಇಂಜಿನ್‌ಗೆ ಲೋಡ್ ಜಾಸ್ತಿ ಆಗಿರ್ಬೋದು, ಇಲ್ಲಾ ಗಾಳಿ ಸಾಲ್ದೆ ಇರ್ಬೋದು. ಪ್ರೊಪೆಲ್ಲರ್‌ಗೆ, ಬೋಟಿನ ತಳಕ್ಕೆ ಚಿಪ್ಪು ಅಂಟಿದ್ಯಾ, ಏರ್ ಫಿಲ್ಟರ್ ಕಟ್ಕೊಂಡಿದ್ಯಾ ಚೆಕ್ ಮಾಡಿ.

ಹಾಂ, ರಿಪೇರಿ ಮಧ್ಯೆ ಇಂಜಿನ್ ಸ್ಟಾರ್ಟ್ ಆಗ್ದೆ ಸುಮ್ನೆ ಸ್ಟಾರ್ಟರ್ ಹೊಡೀತಾ ಇರೋ ಪರಿಸ್ಥಿತಿ ಬಂದ್ರೆ ಸೀಕಾಕ್ ಮುಚ್ಚಿಟ್ಟಿರಿ, ಇಲ್ಲಾಂದ್ರೆ ಸೈಲೆನ್ಸರ್ ತುಂಬಿ ನೀರು ಇಂಜಿನ್ ಒಳಗೇ ನುಗ್ಗುತ್ತೆ. ಸ್ಟಾರ್ಟ್ ಆದ ಕ್ಷಣ ತೆರೀರಿ, ಒಣಗಿ ತಿರುಗಿದ್ರೆ ಈಗಷ್ಟೇ ಹಾಕಿದ ಇಂಪೆಲರ್ ಸ್ವಲ್ಪ ಹೊತ್ತಲ್ಲೇ ಹಾಳು.