ಮಗುವಿಗೆ ಎಡಿಎಚ್‌ಡಿ ಇದೆಯೇ ಎಂಬ ಅನುಮಾನವೇ? ಮೊದಲು ಒಂದು ನೋಟ್‌ಬುಕ್ ತನ್ನಿ

ನಾನು ತಿಪಟೂರು ಕಡೆ ಮೂರನೇ ತರಗತಿ ಟೀಚರ್. "ಮೇಡಂ, ಇವನು ಒಂದು ಕಡೆ ಕೂರಲ್ಲ, ಎಡಿಎಚ್‌ಡಿನಾ?" ಅಂತ ತಂದೆತಾಯಿ ಕೇಳುತ್ತಾರೆ. ಎಡಿಎಚ್‌ಡಿ ಅಂದರೆ ಗಮನ ನಿಲ್ಲದಿರುವುದು, ಅತಿ ಚಟುವಟಿಕೆ, ಆತುರ ಇವುಗಳಿಂದ ಮಗುವಿನ ದಿನನಿತ್ಯಕ್ಕೆ ತೊಡಕಾಗುವ ತೊಂದರೆ. ಅದು ಇದೆಯಾ ಇಲ್ಲವಾ ಅಂತ ಹೇಳಬೇಕಾದವರು ಡಾಕ್ಟರು. ಅವರ ಹತ್ತಿರ ಹೋಗುವ ಮುಂಚೆ ಎರಡು ವಾರ ಬರೆದಿಡಿ ಅನ್ನುತ್ತೇನೆ.

"ತುಂಬಾ ಗಲಾಟೆ" ಅಂತ ಬರೆದರೆ ಪ್ರಯೋಜನವಿಲ್ಲ. "ಸಂಜೆ 6ಕ್ಕೆ ಹೋಂವರ್ಕ್‌ಗೆ ಕೂತ. ರಬ್ಬರ್ ತರಲು ಎದ್ದವನು ಅಂಗಳದಲ್ಲಿ ನಾಯಿ ಜೊತೆ ಆಡುತ್ತಿದ್ದ" ಅಂತ ಬರೆಯಿರಿ. ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ ಅನ್ನುವುದೂ ಇರಲಿ. ಶಾಲೆಯ ಪುಟವನ್ನು ಟೀಚರ್ ಕೈಲೇ ಬರೆಸಿ. ಯಾಕೆಂದರೆ ತೊಂದರೆ ಕನಿಷ್ಠ 6 ತಿಂಗಳಿಂದ ಇದೆಯಾ, 12 ವರ್ಷದೊಳಗೇ ಶುರುವಾಯಿತಾ, ಮನೆ-ಶಾಲೆ ಎರಡೂ ಕಡೆ ಕಾಣುತ್ತಾ ಅಂತ ಡಾಕ್ಟರು ನೋಡುತ್ತಾರೆ. ಮನೆಯಲ್ಲಿ ಮಾತ್ರ ರಂಪ, ಶಾಲೆಯಲ್ಲಿ ಸುಮ್ನೆ ಇರುತ್ತಾನೆ ಅಂದರೆ ಕಾರಣ ಬೇರೆ ಇರಬಹುದು. "ಟಿವಿ ಮುಂದೆ ಗಂಟೆಗಟ್ಟಲೆ ಕೂರ್ತಾನಲ್ಲ" ಅನ್ನುವ ವಾದ ಮಾತ್ರ ಬೇಡ. ಇಷ್ಟವಾದದ್ದರಲ್ಲಿ ಮುಳುಗುವುದು ಈ ಮಕ್ಕಳಲ್ಲೂ ಉಂಟು.

ಕಣ್ಣಿಗೆ ಬೀಳದವರು ಹೆಣ್ಣುಮಕ್ಕಳು. ಗಲಾಟೆ ಇಲ್ಲ, ಜಗಳ ಇಲ್ಲ. ಬೋರ್ಡ್ ನೋಡುತ್ತಲೇ ಎಲ್ಲೋ ಹೋಗಿಬಿಡುತ್ತಾರೆ. ಕೂಡುವ ಲೆಕ್ಕ ಗೊತ್ತು, ಆದರೆ ಅರ್ಧಕ್ಕೆ ಬಿಟ್ಟಿರುತ್ತಾರೆ. ಪೆನ್ಸಿಲ್ ದಿನಾ ಕಳೆಯುತ್ತದೆ. "ಒಳ್ಳೇ ಹುಡುಗಿ, ಸ್ವಲ್ಪ ಮಂದ" ಅಂದು ಮುಗಿಸುತ್ತೇವೆ. ಇದೂ ಎಡಿಎಚ್‌ಡಿಯ ಒಂದು ಬಗೆಯೇ ಇರಬಹುದು.

ಕಣ್ಣು, ಕಿವಿ ಪರೀಕ್ಷೆ ಮೊದಲೇ ಆಗಲಿ. ಓದುವಾಗ ಮಾತ್ರ ತಪ್ಪಿಸಿಕೊಳ್ಳುವ ಮಗುವಿಗೆ ಕಲಿಕೆಯ ತೊಂದರೆ ಇರಬಹುದು. ಕೆಲವು ಸೆಕೆಂಡ್ ಶೂನ್ಯವಾಗಿ ನೋಡುತ್ತಾ, ಮೈ ಮುಟ್ಟಿದರೂ ಅರಿವಾಗದಿದ್ದರೆ ಅದು ಒಂದು ಥರದ ಫಿಟ್ಸ್ ಆಗಿರಬಹುದು. ಮೊಬೈಲ್‌ನಲ್ಲಿ ವಿಡಿಯೋ ಮಾಡಿ ಬೇಗ ತೋರಿಸಿ.

ಎಲ್ಲಿ ತೋರಿಸುವುದು? ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮಾನಸಿಕ ವಿಭಾಗವೇ ಇದೆ, ಧಾರವಾಡದ ಕಡೆಯವರಿಗೆ ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ದಾರಿ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

6 ವರ್ಷದೊಳಗಿನ ಮಕ್ಕಳಿಗೆ ಸಾಮಾನ್ಯವಾಗಿ ಮಾತ್ರೆಗಿಂತ ಮೊದಲು ತಂದೆತಾಯಿಗೇ ತರಬೇತಿ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಬೇಕೆನಿಸಿದರೆ ಗಮನ ನಿಲ್ಲಲು ನೆರವಾಗುವ ಮಿಥೈಲ್‌ಫೆನಿಡೇಟ್ ಮಾತ್ರೆ ಬರೆಯುತ್ತಾರೆ. ಅದು ನಿದ್ದೆ ಮಾತ್ರೆಯಲ್ಲ. ಸಾಧಾರಣ ಮಾತ್ರೆಯ ಪ್ರಭಾವ ಸುಮಾರು 4 ಗಂಟೆ. ಹಸಿವು ಕಡಿಮೆಯಾಗುತ್ತದೆ, ನಿದ್ದೆ ಕೆಡಬಹುದು. ಹಾಗಾಗಿ ಬೆಳಗಿನ ತಿಂಡಿ ಹೊಟ್ಟೆ ತುಂಬ ಕೊಡಿ, ಬಿಸಿಯೂಟ ಎಷ್ಟು ಬಿಟ್ಟ ಅಂತ ಟೀಚರನ್ನು ಕೇಳಿ. ಎತ್ತರ, ತೂಕ, ಬಿಪಿ ಆಗಾಗ ನೋಡಿಸಿ. ಪಕ್ಕದ ಮನೆಯವರ ಮಾತು ಕೇಳಿ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳದೆ ಹೆಚ್ಚಿಸಲೂ ಬೇಡಿ.

ಮಾತ್ರೆ ಇರಲಿ ಬಿಡಲಿ, ದಿನದ ಕ್ರಮ ಬದಲಾಗಲೇಬೇಕು. "ಕೈಕಾಲು ತೊಳೆದು, ಬಟ್ಟೆ ಬದಲಿಸಿ, ಓದಲು ಕೂರು" ಅಂದರೆ ಕೊನೆಯದು ಹಾರಿಹೋಗುತ್ತದೆ. ಒಂದೊಂದೇ ಹೇಳಿ. ನಾನು ಇಂಥ ಮಕ್ಕಳನ್ನು ಕಿಟಕಿಯಿಂದ ದೂರ, ನನ್ನ ಮೇಜಿನ ಹತ್ತಿರ ಕೂರಿಸುತ್ತೇನೆ. ಹತ್ತು ಲೆಕ್ಕವನ್ನು ಐದೈದಾಗಿ ಕೊಡುತ್ತೇನೆ, ನಡುವೆ ಪುಸ್ತಕ ಹಂಚುವ ಕೆಲಸ. ಮಾಡಿದ ಕ್ಷಣವೇ ಶಭಾಷ್, ಶನಿವಾರಕ್ಕಲ್ಲ. ಇನ್ನು ಶಿಕ್ಷೆ ಅಂತ ಆಟದ ಪೀರಿಯಡ್ ಕಿತ್ತುಕೊಳ್ಳುವ ಶಾಲೆಗಳಿವೆ. ಓಡಾಡಲೇಬೇಕಾದ ಮಗುವನ್ನು ಕಟ್ಟಿಹಾಕಿ ಮುಂದಿನ ಪೀರಿಯಡ್ ಹೇಗೆ ನಡೆಸುತ್ತಾರೋ, ನನಗಂತೂ ಅರ್ಥವಾಗಿಲ್ಲ. ನಿಮ್ಮ ಶಾಲೆಯಲ್ಲಿ ಹಾಗಿದ್ದರೆ ಹೆಡ್‌ಮಾಸ್ಟರ್ ಹತ್ತಿರ ಹೋಗಿ ಕೇಳಿ.