ಹಿರಿಯರ ಸ್ವಭಾವ ಬದಲಾಗಿದೆಯೇ? ಮನೆಯಲ್ಲೇ ಗಮನಿಸಿ ಬರೆದಿಡುವ ಕ್ರಮ

ಮರೆವಿನ ಕಾಯಿಲೆಯಲ್ಲಿ (ಡಿಮೆನ್ಷಿಯಾ) ಮೊದಲು ಕೈಕೊಡುವುದು ನೆನಪು ಎಂಬುದು ಸಾಮಾನ್ಯ ನಂಬಿಕೆ. ಆದರೆ ಹಲವರಲ್ಲಿ ಅದಕ್ಕೂ ಮೊದಲೇ ನಡವಳಿಕೆ ಬದಲಾಗಿರುತ್ತದೆ. ಹೆಸರು, ಲೆಕ್ಕ, ದಾರಿ ಎಲ್ಲವೂ ನೆನಪಿರುತ್ತದೆ. ಆದರೂ ಸಮಾಧಾನಿಯಾಗಿದ್ದವರು ಮಾತುಮಾತಿಗೂ ಸಿಡುಕುತ್ತಾರೆ, ಮೊಮ್ಮಕ್ಕಳೆಂದರೆ ಪ್ರಾಣ ಬಿಡುತ್ತಿದ್ದವರು ಅವರು ಬಂದರೂ ಎದ್ದು ಕೂರುವುದಿಲ್ಲ. ಮನೆಯವರು ‘ವಯಸ್ಸಾಯ್ತಲ್ಲ’ ಎಂದು ಸುಮ್ಮನಾಗುತ್ತಾರೆ. ಇಂಥ ಬದಲಾವಣೆಗೆ ವೈದ್ಯರು ‘ಮೈಲ್ಡ್ ಬಿಹೇವಿಯರಲ್ ಇಂಪೇರ್‌ಮೆಂಟ್’ ಎನ್ನುತ್ತಾರೆ. 2016ರಲ್ಲಿ ಇದಕ್ಕೆ ಮಾನದಂಡಗಳು ಪ್ರಕಟವಾದವು. ಅಳೆಯಲು ಎಂಬಿಐ-ಸಿ ಎಂಬ 34 ಪ್ರಶ್ನೆಗಳ ಪಟ್ಟಿಯೂ ಇದೆ.

ಮೊದಲು ಹಳೆಯ ಸ್ವಭಾವ ಬರೆಯಿರಿ. ಹೋಲಿಸಬೇಕಾದದ್ದು ಪಕ್ಕದ ಮನೆಯವರ ಜೊತೆಗಲ್ಲ, ಆ ಹಿರಿಯರದೇ ಹಳೆಯ ಸ್ವಭಾವದ ಜೊತೆಗೆ. ಜೀವಮಾನವಿಡೀ ಮುಂಗೋಪಿಯಾಗಿದ್ದವರು ಈಗಲೂ ಕೋಪಿಸಿಕೊಂಡರೆ ಅದು ಲಕ್ಷಣವಲ್ಲ. ಐದಾರು ವರ್ಷದ ಹಿಂದೆ ದಿನಚರಿ ಹೇಗಿತ್ತು, ಹಣದ ವಿಷಯದಲ್ಲಿ ಹೇಗಿದ್ದರು, ಯಾರ ಜೊತೆ ಒಡನಾಟವಿತ್ತು ಎಂದು ಅರ್ಧ ಪುಟ ಬರೆದಿಡಿ.

ಐದು ವಿಭಾಗಗಳಲ್ಲಿ ಗಮನಿಸಿ. ಮೊದಲನೆಯದು ನಿರಾಸಕ್ತಿ. ತಪ್ಪು ಹೆಚ್ಚಾಗಿ ಆಗುವುದೂ ಇಲ್ಲೇ, ಏಕೆಂದರೆ ಇದು ಯಾರಿಗೂ ತೊಂದರೆ ಕೊಡುವುದಿಲ್ಲ. ಖಿನ್ನತೆಯೆಂದೂ ತಪ್ಪು ತಿಳಿಯುತ್ತಾರೆ. ಖಿನ್ನತೆಯಲ್ಲಿ ದುಃಖ, ಹತಾಶೆ, ‘ನಾನು ಯಾರಿಗೂ ಬೇಡ’ ಎಂಬ ಮಾತು ಕಾಣುತ್ತದೆ. ಬರೀ ನಿರಾಸಕ್ತಿಯಲ್ಲಿ ದುಃಖವೂ ಇರದು, ಉತ್ಸಾಹವೂ ಇರದು. ಕರೆದರೆ ಬರುತ್ತಾರೆ, ತಾವಾಗಿ ಏನನ್ನೂ ಶುರು ಮಾಡುವುದಿಲ್ಲ. ಎರಡೂ ಒಟ್ಟಿಗೆ ಇರಬಹುದು.

ಎರಡನೆಯದು ಮನಸ್ಸಿನ ಏರುಪೇರು: ದುಃಖ, ಆತಂಕ, ಕಾರಣವಿಲ್ಲದ ಗಾಬರಿ. ಮೂರನೆಯದು ಹಿಡಿತ ತಪ್ಪುವುದು. ಪಟ್ಟಿಯ 34 ಪ್ರಶ್ನೆಗಳಲ್ಲಿ 12 ಇದರವೇ. ಸಿಟ್ಟು, ಹಟ, ಯೋಚಿಸದೆ ಹಣ ಚೆಲ್ಲುವುದು, ಅಡ್ಡಾದಿಡ್ಡಿ ವಾಹನ ಓಡಿಸುವುದು, ತಿನ್ನುವುದರಲ್ಲಿ ಮಿತಿ ಮೀರುವುದು ಎಲ್ಲವೂ ಇಲ್ಲಿ ಬರುತ್ತವೆ. ನಾಲ್ಕನೆಯದು ಸಭ್ಯತೆ ಮತ್ತು ಅನುಕಂಪ: ಮನೆಗೆ ಬಂದವರ ಎದುರೇ ಅವರ ಮೈಬಣ್ಣ, ದಪ್ಪದ ಬಗ್ಗೆ ಆಡುವುದು, ಸಾವಿನ ಮನೆಯಲ್ಲಿ ನಗುವುದು. ಮೂರು ಮತ್ತು ನಾಲ್ಕು ಎದ್ದು ಕಂಡು, ಸಿಹಿಯ ಹಪಾಹಪಿಯೂ ಹೊಸದಾಗಿ ಬಂದಿದ್ದರೆ ಅದನ್ನು ವೈದ್ಯರಿಗೆ ಬಿಡಿಸಿ ಹೇಳಿ. ಮೆದುಳಿನ ಮುಂಭಾಗ ಸವೆಯುವ ಫ್ರಾಂಟೊಟೆಂಪೊರಲ್ ಡಿಮೆನ್ಷಿಯಾ ಹೀಗೆಯೇ ಶುರುವಾಗುವುದುಂಟು. ಐದನೆಯದು ಅನುಮಾನ ಮತ್ತು ಭ್ರಮೆ: ಒಡವೆ ಕದ್ದರೆಂಬ ದೂರು, ಇಲ್ಲದ ಮಕ್ಕಳು, ಪ್ರಾಣಿಗಳು ಕಾಣುವುದು.

ತೀರ್ಪು ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ‘ಅತ್ತೆಗೆ ಈಗೀಗ ವಿಪರೀತ ಅನುಮಾನ’ ಎಂದರೆ ವೈದ್ಯರಿಗೆ ಉಪಯೋಗವಿಲ್ಲ. ಬದಲಿಗೆ ಹೀಗಿರಲಿ: ‘ಮಾರ್ಚ್ 12, ಸಂಜೆ ಆರೂವರೆ. ಹಾಲಿನವನು ದುಡ್ಡು ಕದ್ದ ಎಂದರು. ಡಬ್ಬಿ ತೆರೆದು ತೋರಿಸಿದರೂ ಒಪ್ಪಲಿಲ್ಲ. ಹಿಂದೆ ಯಾರನ್ನೂ ಅನುಮಾನಿಸಿದವರಲ್ಲ. ಈ ತಿಂಗಳಲ್ಲಿ ಮೂರನೇ ಸಲ.’

ಆಮೇಲೆ ಎಂಬಿಐ-ಸಿ ಪಟ್ಟಿಯ ಪ್ರತಿ ಪ್ರಶ್ನೆಗೂ ಅಂಕ. ಲಕ್ಷಣ ಇಲ್ಲದಿದ್ದರೆ 0. ಗಮನಕ್ಕೆ ಬಂದರೂ ದೊಡ್ಡದಲ್ಲದ ಬದಲಾವಣೆಗೆ 1, ಗಣನೀಯವಾದದ್ದಕ್ಕೆ 2, ವ್ಯಕ್ತಿಯೇ ಬೇರೆಯಾದಂತೆ ಕಂಡರೆ 3. ಒಟ್ಟು ಗರಿಷ್ಠ 102. ಎರಡು ಷರತ್ತುಗಳನ್ನು ಮರೆಯಬೇಡಿ: ಬದಲಾವಣೆ 50 ವರ್ಷದ ನಂತರ ಶುರುವಾಗಿರಬೇಕು, ಬಿಟ್ಟುಬಿಟ್ಟಾದರೂ ಕನಿಷ್ಠ 6 ತಿಂಗಳು ಇದ್ದಿರಬೇಕು. ಸಂಗಾತಿಯನ್ನು ಕಳೆದುಕೊಂಡ ಎರಡನೇ ತಿಂಗಳಲ್ಲಿ ಈ ಪಟ್ಟಿ ಹಿಡಿದು ಕೂರುವುದು ತಪ್ಪು.

ಪಟ್ಟಿಯನ್ನು ಜೊತೆಯಲ್ಲೇ ಇರುವವರು ತುಂಬಲಿ. ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡುವ ಮಗನಿಗೆ ಕಾಣುವುದು ಹತ್ತು ನಿಮಿಷದ ಒಳ್ಳೆಯ ಮುಖ. ಇಬ್ಬರು ಬೇರೆಬೇರೆಯಾಗಿ ತುಂಬಿದರೆ ಇನ್ನೂ ಒಳ್ಳೆಯದು, ಏಕೆಂದರೆ ದಿನವಿಡೀ ಆರೈಕೆ ಮಾಡಿ ಸುಸ್ತಾದವರು ಸಿಟ್ಟಿಗೆ ಹೆಚ್ಚು ಅಂಕ ಕೊಟ್ಟುಬಿಡುತ್ತಾರೆ. ಹಿರಿಯರ ಎದುರು ಕೂತು ತುಂಬಬೇಡಿ. ಅದು ಅವರಿಗೆ ಅವಮಾನ.

ಬೇರೆ ಕಾರಣಗಳನ್ನು ಹುಡುಕಿಸಿ. ಅಂಕ ಹೆಚ್ಚಿದ್ದ ಮಾತ್ರಕ್ಕೆ ಡಿಮೆನ್ಷಿಯಾ ಅಲ್ಲ, ಅದರ ಅಪಾಯ ಹೆಚ್ಚಿರಬಹುದು ಅಷ್ಟೇ. ಥೈರಾಯ್ಡ್, ಬಿ12 ಕೊರತೆ, ಸೋಡಿಯಂ ಇಳಿಕೆ, ಮದ್ಯ ಇವೂ ಸ್ವಭಾವ ಕೆಡಿಸುತ್ತವೆ. ಕಿವಿ ಮಂದವಾದವರು ಪಿಸುಮಾತು ಕಂಡು ತಮ್ಮ ಬಗ್ಗೆಯೇ ಆಡುತ್ತಿದ್ದಾರೆಂದು ಅನುಮಾನಿಸಬಹುದು. ನಿದ್ದೆಗೆ ಕೊಡುವ ಆಲ್‌ಪ್ರಜೋಲಮ್, ಅಲರ್ಜಿಗೆ ಕೊಡುವ ಕ್ಲೋರ್ಫೆನಿರಮೈನ್, ಖಿನ್ನತೆಗೆ ಮತ್ತು ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇಂಥ ಔಷಧಗಳೂ ವಯಸ್ಸಾದವರ ಮೆದುಳನ್ನು ಮಂಕಾಗಿಸುತ್ತವೆ. ನೀವಾಗಿ ನಿಲ್ಲಿಸಬೇಡಿ. ಹಾಳೆಗಳ ಜೊತೆ ಎಲ್ಲ ಮಾತ್ರೆಗಳ ಪಟ್ಟೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ನರರೋಗ ತಜ್ಞರ ಅಥವಾ ಮನೋವೈದ್ಯರ ಬಳಿ ಹೋಗಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಸೇವೆ ಇದೆ.

ಆರು ತಿಂಗಳು ಕಾಯಬಾರದ ಸಂದರ್ಭಗಳೂ ಇವೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಗೊಂದಲ, ಮಂಪರು, ಭ್ರಮೆ ಕಾಣಿಸಿಕೊಂಡರೆ ಅದು ಡೆಲಿರಿಯಂ ಇರಬಹುದು. ಮೂತ್ರದ ಸೋಂಕು, ನಿರ್ಜಲೀಕರಣದಂಥ ಕಾರಣಗಳಿಂದ ಬರುತ್ತದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು. ಸಾಯುವ ಮಾತಾಡಿದರೆ ಒಬ್ಬರನ್ನೇ ಬಿಡದೆ ತಕ್ಷಣ ವೈದ್ಯರನ್ನು ಕಾಣಿ. ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.