ಗೋರಿ ದೋಚಬಾರದೆಂಬ ದೇವತೆ, ಗೋರಿಗಿಳಿಯುವ ಪಾರ್ಟಿ: ದೇವರ ಪುಸ್ತಕಗಳನ್ನು ಆಟಕ್ಕೆ ತರುವ ಬಗೆ

ಮೇಜಿನ ಸುತ್ತ ಕೂತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಆಡುವ ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಆಟಗಳಿಗೆ, ಅವುಗಳ ಲೋಕದ ದೇವರುಗಳನ್ನು ವಿವರಿಸುವ ಪುಸ್ತಕಗಳಿವೆ. ಈ ದೇವರ ಪುಸ್ತಕಗಳನ್ನು ಕೊಂಡವರಲ್ಲಿ ಬಹಳ ಮಂದಿ ಅವನ್ನು ಓದಿ, ಚಿತ್ರ ನೋಡಿ ಕಪಾಟಿಗೆ ಸೇರಿಸಿಬಿಡುತ್ತಾರೆ. ಆಟಕ್ಕೆ ಕೂತಾಗ ಕ್ಲೆರಿಕ್ (ದೇವರಿಂದ ಮಂತ್ರಶಕ್ತಿ ಪಡೆದ ಭಕ್ತನ ಪಾತ್ರ) ಆಡುವವರ ಪಾತ್ರದ ಹಾಳೆಯ ಮೇಲೆ ದೇವರ ಹೆಸರೊಂದು ಉಳಿದಿರುತ್ತದೆ, ಅಷ್ಟೆ. ನಾನು ಗೇಮ್ ಮಾಸ್ಟರ್ ಆಗಿ, ಅಂದರೆ ಕಥೆ ಹೇಳಿ ಆಟ ನಡೆಸುವವನಾಗಿ ಕೂರುವ ಮುಂಚೆ ಈ ಪುಸ್ತಕಗಳಲ್ಲಿ ಮೊದಲು ಹುಡುಕುವುದು ಇದನ್ನು: ಈ ದೇವರಿಗೆ ನಡೆದುಕೊಳ್ಳುವವರು ದಿನನಿತ್ಯ ಏನು ಮಾಡುತ್ತಾರೆ, ಏನನ್ನು ಪ್ರಾಣ ಹೋದರೂ ಮಾಡುವುದಿಲ್ಲ?

ಎಲ್ಲ ಪುಸ್ತಕಗಳೂ ಇದನ್ನು ಹೇಳುವುದಿಲ್ಲ. ಡಂಜನ್ಸ್ ಆಂಡ್ ಡ್ರಾಗನ್ಸ್ ಆಟಕ್ಕೆ ಬಂದ 1980ರ ‘ಡೀಟೀಸ್ ಆಂಡ್ ಡೆಮಿಗಾಡ್ಸ್’ ದೇವರುಗಳನ್ನು ಬರೆದದ್ದು ಆಟದ ಭೂತ ಪಿಶಾಚಿಗಳನ್ನು ಬರೆದ ರೀತಿಯಲ್ಲೇ: ಆರ್ಮರ್ ಕ್ಲಾಸ್ (ಏಟು ತಾಗುವುದು ಎಷ್ಟು ಕಷ್ಟ) ಇಷ್ಟು, ಹಿಟ್ ಪಾಯಿಂಟ್ (ಎಷ್ಟು ಏಟು ತಾಳಬಲ್ಲದು) ಇಷ್ಟು. ಗ್ರೀಕರ ದೇವರಾಜ ಜ್ಯೂಸ್‌ಗೆ 400 ಹಿಟ್ ಪಾಯಿಂಟ್. ಅಂಕಿ ಕಣ್ಣಿಗೆ ಬಿದ್ದ ಕೂಡಲೇ ಆಟಗಾರರ ತಲೆಯಲ್ಲಿ ಭಾಗಾಕಾರ ಶುರುವಾಗುತ್ತದೆ; ಕಾದಾಟದ ಒಂದೊಂದು ಸುತ್ತಿನಲ್ಲೂ 50ರಂತೆ ಹೊಡೆದರೆ ಎಂಟು ಸುತ್ತು. ಅಲ್ಲಿಂದ ಮುಂದೆ ಆ ದೇವರು ದೇವರಾಗಿ ಉಳಿಯುವುದಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 1979ರಲ್ಲಿ, ರೂನ್‌ಕ್ವೆಸ್ಟ್ ಆಟಕ್ಕೆ ಬಂದ ‘ಕಲ್ಟ್ಸ್ ಆಫ್ ಪ್ರಾಕ್ಸ್’ ಬೇರೆ ದಾರಿ ಹಿಡಿದಿತ್ತು. ಒಂದೊಂದು ದೇವರಿಗೂ ಅದು ಹೇಳುವುದು ಇವನ್ನು: ದೇವರ ಕಥೆ ಏನು, ಸಾಮಾನ್ಯ ಭಕ್ತ ಯಾರು, ದೀಕ್ಷೆ ಪಡೆದವನು ಯಾರು, ಅರ್ಚಕನಾಗಲು ಏನು ಬೇಕು, ಏನು ಕೊಡಬೇಕು, ಬದಲಿಗೆ ಏನು ಸಿಗುತ್ತದೆ, ಯಾವ ದೇವರ ಜತೆ ಸ್ನೇಹ, ಯಾರ ಜತೆ ಹಗೆ. ಯಾವ ಆಟ ಆಡಿಸಿದರೂ ನನಗೆ ಈ ಕ್ರಮವೇ ಮಾದರಿ.

ಮೊದಲ ಕೆಲಸ ಕಡಿತ. ಪುಸ್ತಕದಲ್ಲಿ ನೂರು ದೇವರಿದ್ದರೂ ಒಂದು ಕ್ಯಾಂಪೇನಿಗೆ, ಅಂದರೆ ಹಲವು ದಿನ ಕೂತು ಆಡುವ ಒಂದು ದೀರ್ಘ ಕಥೆಗೆ, ಐದಾರು ಸಾಕು. ಒಂದೊಂದಕ್ಕೂ ಎ5 ಅಳತೆಯ ಒಂದು ಕಾರ್ಡು. ಮುಂಬದಿಗೆ ಮಾಡಲೇಬೇಕಾದದ್ದು, ಮಾಡಬಾರದ್ದು, ಗುಡಿಯಿಂದ ಸಿಗುವುದು, ಗುಡಿಗೆ ಸಲ್ಲಬೇಕಾದದ್ದು, ಹಗೆಯವರು. ಸೃಷ್ಟಿಯ ಕಥೆಗೆ ಎರಡೇ ಸಾಲು. ಹಿಂಬದಿ ಖಾಲಿ. ನಿಜವಾದ ಕೆಲಸವಿರುವುದು ಆ ಹಿಂಬದಿಯಲ್ಲಿ.

ಪಾಥ್‌ಫೈಂಡರ್ ಎಂಬ ಆಟದ ಎರಡನೇ ಆವೃತ್ತಿಯ ಫರಾಸ್ಮಾಳನ್ನು ನೋಡಿ. ಹುಟ್ಟು, ಸಾವು, ಹಣೆಬರಹಗಳ ದೇವತೆ. ಈ ಆವೃತ್ತಿ ಪ್ರತಿ ದೇವರಿಗೂ ವಿಧಿ, ನಿಷೇಧ ಎರಡನ್ನೂ ಚುಟುಕಾಗಿ ಕೊಟ್ಟಿರುವುದರಿಂದ ಮುಂಬದಿ ಐದು ನಿಮಿಷದಲ್ಲಿ ತುಂಬುತ್ತದೆ. ಅವಳ ಕಡೆಯವರು ಹಳೆಯ ಭವಿಷ್ಯವಾಣಿಗಳನ್ನು ಅರಿಯಲು ಯತ್ನಿಸಬೇಕು, ಸತ್ತೂ ಎದ್ದು ತಿರುಗುವವರನ್ನು ನಾಶಮಾಡಬೇಕು, ಹೆಣಗಳಿಗೆ ಸಂಸ್ಕಾರ ಮಾಡಬೇಕು. ಸತ್ತವರನ್ನು ಹಾಗೆ ಎಬ್ಬಿಸಬಾರದು, ಹೆಣಕ್ಕೆ ಅಪಚಾರ ಮಾಡಬಾರದು, ಗೋರಿ ದೋಚಬಾರದು. ಆ ಕೊನೆಯದನ್ನು ಇನ್ನೊಮ್ಮೆ ಓದಿ. ಈ ಆಟದ ಅರ್ಧಕ್ಕರ್ಧ ಸಾಹಸ ನಡೆಯುವುದೇ ಗೋರಿಗಳಲ್ಲಿ.

ಹಾಗಾಗಿ ಮೊದಲ ಸೆಷನ್ನಿಗೂ (ಆಟಕ್ಕೆ ಕೂರುವ ಮೊದಲ ದಿನಕ್ಕೂ) ಮುಂಚೆ, ಫರಾಸ್ಮಾಳ ಕ್ಲೆರಿಕ್ ಆಡುವವರನ್ನು ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ, ಒಪ್ಪಿಕೊಂಡ ಉತ್ತರವನ್ನು ಕಾರ್ಡಿನ ಹಿಂದೆ ಬರೆಯುತ್ತೇನೆ. ಮುಚ್ಚಿದ ಗೋರಿಯ ಬಾಗಿಲು ತೆರೆದು ಒಳಹೋಗುವುದೇ ತಪ್ಪೇ? ಅಲ್ಲ, ಅಲ್ಲಿಂದ ಏನನ್ನಾದರೂ ಹೊತ್ತು ತರುವುದು ತಪ್ಪು. ಎದ್ದು ಬಂದ ಹೆಣವನ್ನು ಕೆಡವಿದ ಮೇಲೆ ಅದರ ಕೈಯಲ್ಲಿದ್ದ ಕತ್ತಿ ಯಾರದು? ಹೂಳುವಾಗ ಇಟ್ಟದ್ದಾದರೆ ಹೆಣದ ಜತೆ ಮತ್ತೆ ಮಣ್ಣಿಗೆ. ಎದ್ದ ಮೇಲೆ ದಾರಿಹೋಕರಿಂದ ಕಿತ್ತುಕೊಂಡದ್ದಾದರೆ ತೆಗೆದುಕೊಳ್ಳಬಹುದು. ಪಾರ್ಟಿಯ, ಅಂದರೆ ಜತೆಯಾಗಿ ಸಾಹಸಕ್ಕೆ ಹೊರಟ ಪಾತ್ರಗಳ ಗುಂಪಿನ, ರೋಗ್ (ಕಳ್ಳನಂಥ ಪಾತ್ರ) ಗೋರಿಯ ಬಂಗಾರ ಜೇಬಿಗಿಳಿಸಿದರೆ? ನಿಷೇಧ ಕ್ಲೆರಿಕ್‌ಗೆ ಮಾತ್ರ, ರೋಗ್‌ಗಲ್ಲ. ಆದರೆ ತಿಳಿದೂ ಪಾಲು ಪಡೆದರೆ ಅದು ಕ್ಲೆರಿಕ್‌ನ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಉತ್ತರ ಬೇರೆ ಇರಬಹುದು, ತೊಂದರೆಯಿಲ್ಲ. ಆಟದ ನಡುವೆ, ನಿಧಿ ಎದುರಿಗಿದ್ದಾಗ ತೀರ್ಮಾನಕ್ಕೆ ಕೂರಬಾರದು. ಆಗ ಯಾವ ಉತ್ತರ ಕೊಟ್ಟರೂ ಒಬ್ಬರಿಗೆ ಮೋಸವಾದಂತೆ ಕಾಣುತ್ತದೆ.

ಇಷ್ಟಾದರೂ ಇನ್ನೊಂದು ಕಡೆ ಎಡವುತ್ತದೆ, ಹಣದಲ್ಲಿ. ಒಂದನೇ ಲೆವೆಲ್ಲಿನಲ್ಲಿ ನಾಲ್ಕು ಜನರ ಪಾರ್ಟಿಗೆ ಒಟ್ಟು 175 ಚಿನ್ನದ ನಾಣ್ಯದಷ್ಟು ಸಂಪತ್ತು ಸಿಗಬೇಕೆಂಬುದು ಈ ಆಟದ ಲೆಕ್ಕ. ನಾವು ಬರೆದ ಸಾಹಸದಲ್ಲಿ ಅದರಲ್ಲಿ 60 ಗೋರಿಯೊಳಗೇ ಇದ್ದರೆ, ಕ್ಲೆರಿಕ್ ಬೇಡವೆಂದ ದಿನವೇ ಪಾರ್ಟಿ 60 ಹಿಂದೆ ಬೀಳುತ್ತದೆ. ಮೂರನೇ ಲೆವೆಲ್ಲಿಗೆ ಬರುವಷ್ಟರಲ್ಲಿ ಒಳ್ಳೆಯ ಆಯುಧವಿಲ್ಲ, ಕಾದಾಟಗಳು ಭಾರ, ಎಲ್ಲರ ಸಿಟ್ಟು ಆ ಒಬ್ಬರ ಮೇಲೆ. ಧರ್ಮ ಪಾಲಿಸಿದ್ದಕ್ಕೆ ಆಟವೇ ದಂಡ ಹಾಕಿದಂತೆ. ಆ 60ನ್ನು ಬೇರೆ ಕಡೆಗೆ ಸರಿಸಿಬಿಡಿ: ಗೋರಿ ಶುದ್ಧಮಾಡಿದ್ದಕ್ಕೆ ಫರಾಸ್ಮಾಳ ಗುಡಿಯಿಂದ 40 ಸಂಭಾವನೆ, ಗೋರಿಗಳ್ಳರ ಬಿಡಾರದಲ್ಲಿ 20. ಮೊತ್ತ ಅಷ್ಟೇ, ಬರುವ ದಾರಿ ಮಾತ್ರ ಬೇರೆ.

ತಪ್ಪಿ ನಡೆದಾಗ ಏನು? ನಿಷೇಧಗಳನ್ನು ಸಾಕಷ್ಟು ಮೀರಿದರೆ ದೇವರಿಂದ ಬಂದ ಶಕ್ತಿ ಹೋಗುತ್ತದೆ ಎಂದು ನಿಯಮ. ಆ ‘ಸಾಕಷ್ಟು’ ಎಷ್ಟು ಎಂಬುದು ನಮಗೆ ಬಿಟ್ಟದ್ದು. ಕಾರ್ಡಿನ ಅಂಚಿನಲ್ಲಿ ಮೂರು ಚೌಕ ಬರೆದಿರುತ್ತೇನೆ. ಮೊದಲ ತಪ್ಪಿಗೆ ಶಕುನ: ಫರಾಸ್ಮಾಳಿಗೆ ಸೇರಿದ, ರಾತ್ರಿ ಕೂಗುವ ವಿಪ್‌ಪೂರ್‌ವಿಲ್ ಹಕ್ಕಿ ಹಗಲು ಹೊತ್ತಿನಲ್ಲಿ ಕೂಗುತ್ತದೆ. ಎರಡನೆಯದಕ್ಕೆ ಗುಡಿಯ ಅರ್ಚಕರೇ ಎದುರು ಕೂತು ಕೇಳುತ್ತಾರೆ. ಮೂರನೆಯದಕ್ಕೆ ಮಂತ್ರಗಳು ನಿಲ್ಲುತ್ತವೆ, ಪ್ರಾಯಶ್ಚಿತ್ತದ ಒಂದು ದಿನದ ವಿಧಿ ಮುಗಿಸುವ ತನಕ. ಮೂರು ಚೌಕವೂ ಆಟಗಾರರ ಕಣ್ಣೆದುರಿಗೇ ಇರಲಿ. ಹೇಗೆ ನಡೆದರೂ ತಪ್ಪಾಗುವಂಥ ಬಲೆಯನ್ನು ಮಾತ್ರ ಎಂದೂ ಹೆಣೆಯಬೇಡಿ. ಅದು ಅವರ ಭಕ್ತಿಗೆ ನಾವು ಮಾಡುವ ಅವಮಾನ.

ಡಂಜನ್ಸ್ ಆಂಡ್ ಡ್ರಾಗನ್ಸ್‌ನ 2014ರ ನಿಯಮಗಳಲ್ಲಿ ಇಂಥ ವಿಧಿನಿಷೇಧಗಳ ಪಟ್ಟಿ ಇಲ್ಲ; ದೇವರ ಹೆಸರು, ಕ್ಷೇತ್ರ, ಚಿಹ್ನೆಗಳ ಕೋಷ್ಟಕವಿದೆ. ಎರಡು ವಿಧಿ, ಎರಡು ನಿಷೇಧ ನೀವೇ ಬರೆಯಬೇಕು. ಜತೆಗೆ ಒಂದು ಪ್ರಶ್ನೆಗೆ ಮೊದಲೇ ಉತ್ತರ ಬೇಕು: ಈ ಗುಡಿ ಸತ್ತವರನ್ನು ಬದುಕಿಸುತ್ತದೆಯೇ? ‘ರೇಸ್ ಡೆಡ್’ ಮಂತ್ರಕ್ಕೆ 500 ಚಿನ್ನದ ಬೆಲೆಯ ವಜ್ರ ಬೇಕು, ಸತ್ತು ಹತ್ತು ದಿನ ಮೀರಿರಬಾರದು. ವಜ್ರ ತಂದ ಯಾರಿಗಾದರೂ ಮಾಡುವ ಗುಡಿ ಒಂದು ಬಗೆ. ತನ್ನವರಿಗೆ ಮಾತ್ರ ಮಾಡುವುದು ಇನ್ನೊಂದು. ಸಾವನ್ನು ಹಿಂದಿರುಗಿಸುವುದೇ ಪಾಪ ಎನ್ನುವುದು ಮತ್ತೊಂದು. ಊರಿನಲ್ಲಿ ಯಾವ ಗುಡಿಯಿದೆ ಎಂಬುದರ ಮೇಲೆ ಇಡೀ ಕ್ಯಾಂಪೇನಿನ ಧೈರ್ಯವೇ ಬದಲಾಗುತ್ತದೆ.

ನಮ್ಮವರಿಗೆ ಸಂಬಂಧಿಸಿದ ಒಂದು ಮಾತು. ಆ 1980ರ ಪುಸ್ತಕದಲ್ಲಿ ಇಂದ್ರ, ಅಗ್ನಿ, ವರುಣ, ಯಮ, ಲಕ್ಷ್ಮಿ, ವಿಷ್ಣು ಎಲ್ಲರೂ ಇದ್ದಾರೆ, ಹಿಟ್ ಪಾಯಿಂಟ್ ಸಮೇತ. ಆ ಅಧ್ಯಾಯವನ್ನು ನಾನು ಬಳಸುವುದಿಲ್ಲ. ಪಕ್ಕದ ಕೋಣೆಯಲ್ಲಿ ದೀಪ ಹಚ್ಚಿಟ್ಟ ದೇವರನ್ನು ದಾಳ ಉರುಳಿಸಿ ಅಳೆಯಲು ನನಗೆ ಮನಸ್ಸಿಲ್ಲ. ಆದರೆ ಬಹುದೇವತೆಗಳ ನಡುವೆ ಬದುಕುವುದು ಹೇಗೆಂಬುದು ನಮಗೆ ಚೆನ್ನಾಗಿ ಗೊತ್ತು. ಒಬ್ಬರಿಗೆ ಒಂದೇ ದೇವರು ಎಂಬಂತೆ ಈ ಆಟಗಳ ಪಾತ್ರದ ಹಾಳೆ ಇರುತ್ತದೆ. ನಮ್ಮ ಮನೆಗಳಲ್ಲಿ ಕುಲದೇವರು ಬೇರೆ, ಗ್ರಾಮದೇವತೆ ಬೇರೆ, ಇಷ್ಟದೇವರು ಬೇರೆ. ಆಟದ ಹಳ್ಳಿಯವರೂ ಹಾಗೆಯೇ ಇರಲಿ: ಮಳೆಗೆ ಒಬ್ಬರಿಗೆ ಹರಕೆ, ದನಕ್ಕೆ ಕಾಯಿಲೆ ಬಂದರೆ ಇನ್ನೊಬ್ಬರಿಗೆ ಮುಡಿಪು. ಹರಕೆ ತೀರಿಸದೆ ಉಳಿದ ಮನೆ ಎಂದರೆ ಒಂದು ಸಾಹಸ ಅಲ್ಲೇ ಸಿಕ್ಕಿತು.

ಉಳಿದದ್ದು ಪಂಚಾಂಗ. ರೂನ್‌ಕ್ವೆಸ್ಟ್‌ನ ಲೋಕ ಗ್ಲೊರಾಂಥಾದಲ್ಲಿ ವರ್ಷಕ್ಕೆ 294 ದಿನ: ಎಂಟು ವಾರಗಳ ಐದು ಋತು, ಕೊನೆಗೆ ಎರಡು ವಾರದ ಪವಿತ್ರ ಕಾಲ. ದೀಕ್ಷೆ ಪಡೆದವರು ತಮ್ಮ ಸಮಯದಲ್ಲೂ ಗಳಿಕೆಯಲ್ಲೂ ಹತ್ತನೇ ಒಂದು ಪಾಲು ದೇವರಿಗೆ ಕೊಡಬೇಕು. 56 ದಿನದ ಋತುವಿಗೆ ಐದಾರು ದಿನ. 2018ರ ಆವೃತ್ತಿಯಲ್ಲಿ ಖರ್ಚಾದ ರೂನ್ ಪಾಯಿಂಟ್ (ದೇವರ ಮಂತ್ರ ಹಾಕಲು ಬಳಸುವ ಅಂಕ) ಮರಳಿ ಬರುವುದು ಪವಿತ್ರ ದಿನಗಳಂದು ಪೂಜೆ ಮಾಡಿದಾಗ. ತಾರೀಕು ಬರೆದಿಡದ ಆಟದಲ್ಲಿ ಆ ಪಾಯಿಂಟ್‌ಗಳು ಒಂದೋ ಎಂದೂ ಬರುವುದಿಲ್ಲ, ಇಲ್ಲವೇ ಕೇಳಿದಾಗಲೆಲ್ಲ ಬಂದುಬಿಡುತ್ತವೆ. ಒಂದು ಋತುವಿಗೆ ಒಂದು ಹಾಳೆ, ಎಂಟು ಸಾಲು, ಏಳು ಕಾಲಂ. ಕ್ಲೆರಿಕ್‌ನಂಥ ಪಾತ್ರ ಆಡುವವರ ಕೈಗೇ ಅದನ್ನು ಕೊಟ್ಟು, ಪ್ರತಿ ಸೆಷನ್ನಿನ ಕೊನೆಗೆ ಕಳೆದ ದಿನಗಳಿಗೆ ಪೆನ್ಸಿಲಿನಲ್ಲಿ ಗೆರೆ ಎಳೆಸಿ.